ಮೆಂಬರ್ರ ಬಸ್ಸು

ಓಣಿಯ ಜನ ಅವನನ್ನು ಮೆಂಬರ್ರು ಅಂತ ಕರೆಯಲು ಶುರುಮಾಡಿದ್ದು ಈಚೆಗೆ. ಅದಕ್ಕೆ ಮುಂಚೆ ಅವನು ಬರೀ ದರ್ಜಿ. ಅದಕ್ಕೂ ಮುಂಚೆ, ಕಾಲುಗಳು ಅವನ ಮಾತು ಕೇಳುತ್ತಿದ್ದ ದಿನಗಳಲ್ಲಿ, ದೊಡ್ಡ ಕಟ್ಟಡಗಳ ಹೊರಗೋಡೆಗೆ ಬಣ್ಣ ಬಳಿಯುತ್ತಿದ್ದ. ಮದುವೆಯ ಹೊಸತು ಇನ್ನೂ ಕಳೆದಿರಲಿಲ್ಲ; ಒಂದು ಬೆಳಿಗ್ಗೆ ಸಾರುವೆಯ ಗಳ ಮುರಿದು ಕೆಳಗೆ ಬಿದ್ದ. ಜೀವ ಉಳಿಯಿತು, ಸೊಂಟದಿಂದ ಕೆಳಗೆ ಏನೂ ಉಳಿಯಲಿಲ್ಲ. ಆಸ್ಪತ್ರೆಯಿಂದ ಬಂದು ಗೋಡೆಯ ಕಡೆ ಮುಖ ಹಾಕಿ ಮಲಗಿದವನು ತಿಂಗಳುಗಟ್ಟಲೆ ಈ ಕಡೆ ತಿರುಗಲಿಲ್ಲ. ತಿರುಗಿಸಿದವಳು ಅಕ್ಕ.

ಹೆತ್ತವರು ಬೇಗ ಹೋದ ಮೇಲೆ ಬಟ್ಟೆ ಕಾರ್ಖಾನೆಯಲ್ಲಿ ಕಾಲರ್ ಹೊಲಿದು ತಮ್ಮನನ್ನು ಸಾಕಿದವಳು ಅವಳು. ಅವನು ಮಲಗಿದ್ದ ಕೋಣೆಗೆ ತನ್ನ ಹೊಲಿಗೆ ಯಂತ್ರವನ್ನೇ ಹೊರಿಸಿಕೊಂಡು ಬಂದಳು. ಅದಕ್ಕೊಂದು ಮೋಟಾರು ಕೂರಿಸಿ, ಕಾಲಲ್ಲಿ ಒತ್ತುವ ಪೆಡಲನ್ನು ಮೇಜಿನ ಅಂಚಿಗೆ ಬಿಗಿಸಿ, ಮೊಣಕೈಯಲ್ಲೇ ಒತ್ತುವ ಹಾಗೆ ಮಾಡಿಸಿದಳು.

"ಗೋಡೆ ಬಳಿದಿದ್ದು ಸಾಕು. ಇನ್ಮೇಲೆ ಜನರ ಮೈ ಮುಚ್ಚು," ಅಂದಳು.

"ನಂಗೆ ಬರಲ್ಲ ಅಕ್ಕಾ."

"ಅಳೋಕೆ ಬರ್ತದಲ್ಲ? ಅದನ್ನೂ ಯಾರೂ ಕಲಿಸ್ಕೊಟ್ಟಿರ್ಲಿಲ್ಲ."

ಹೀಗೆ ಅವನು ದರ್ಜಿಯಾದ. ಓಣಿಯ ಕೊನೆಯ ಮನೆ, ಒಂದು ಕೋಣೆ, ಒಂದು ಅಡುಗೆಮನೆ. ಮುಂದಿನ ಕಿಟಕಿಯ ಹತ್ತಿರ ಯಂತ್ರ. ಬಾಗಿಲಿನ ಹೊಸ್ತಿಲನ್ನು ಕಿತ್ತು ಗಾಲಿಕುರ್ಚಿ ಇಳಿಯುವಂತೆ ಇಳಿಜಾರು ಮಾಡಿಸಿದ್ದರು. ಹೆಂಡತಿ ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಕ್ಕೆ ಸೇರಿದಳು. ಮಕ್ಕಳಾಗಲಿಲ್ಲ. ಆ ಮಾತನ್ನು ಇಬ್ಬರೂ ಎತ್ತುತ್ತಿರಲಿಲ್ಲ.

ಊರು ಬೆಳೆಯಿತು. ಓಣಿಯ ಆಚೆಗಿದ್ದ ಬಯಲಿನಲ್ಲಿ ಮನೆಗಳೆದ್ದವು, ಅವುಗಳಾಚೆ ಇನ್ನಷ್ಟು. ಅಕ್ಕ ಮಗಳ ಸಂಸಾರದ ಜೊತೆ ಊರಿನ ಇನ್ನೊಂದು ತುದಿಗೆ ಹೋಗಿಬಿಟ್ಟಳು. ನಡುವೆ ಇಡೀ ಪಟ್ಟಣ. ಆಟೋದವರು ಕುರ್ಚಿ ಕಂಡರೆ ತಲೆಯಾಡಿಸಿ ಮುಂದೆ ಹೋಗುತ್ತಿದ್ದರು. ಬಸ್ಸಿಗೆ ಎತ್ತರದ ಮೂರು ಮೆಟ್ಟಿಲು. ಒಂದು ಸಲ ಯಾರೋ ಇಬ್ಬರು ಕಂಕುಳಿಗೆ ಕೈಹಾಕಿ ಅವನನ್ನು ಮೂಟೆಯಂತೆ ಮೇಲಕ್ಕೆಳೆದಿದ್ದರು. ಇಳಿಯುವಾಗ ಹಿಡಿದವನ ಕೈ ಜಾರಿತು. ರಸ್ತೆಯಲ್ಲಿ ಬಿದ್ದವನ ಪ್ಯಾಂಟು ಸರಿದು ತೊಡೆಯವರೆಗೂ ಕಾಣುತ್ತಿತ್ತು. ಹೆಂಡತಿ ಸೆರಗಿನಿಂದ ಮುಚ್ಚುತ್ತಾ ಕೂತಳು, ಬಸ್ಸು ಹೊರಟುಹೋಯಿತು. ಅವತ್ತಿನಿಂದ ಅವನು ಬಸ್ಸಿನ ಸುದ್ದಿಗೆ ಹೋಗಲಿಲ್ಲ. ಅಕ್ಕ ಫೋನಿನಲ್ಲಿ "ಯಾವಾಗ ಬರ್ತೀಯೋ?" ಅಂತ ಕೇಳಿದರೆ, "ರೆಕ್ಕೆ ಹೊಲ್ಕೋತಾ ಇದ್ದೀನಿ ಅಕ್ಕಾ, ಒಂದು ಕಡೆದು ಮುಗಿದಿದೆ" ಅಂತ ನಗಿಸುತ್ತಿದ್ದ.

ಪ್ಲಾನಿಂಗ್ ಮೇಡಂ ಬಂದದ್ದು ಗಂಡನ ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು. ಊರಿನ ಸಾರಿಗೆ ಯೋಜನೆಯ ಕಚೇರಿಯಲ್ಲಿ ಕೆಲಸ, ಹತ್ತಿರದ ಹೊಸ ಬಡಾವಣೆಯಲ್ಲಿ ಮನೆ. ಅವನು ಪ್ಯಾಂಟಿಗೆ ಅಳತೆಯ ಗುರುತು ಹಾಕಿ ಮಡಚುವವರೆಗೂ ಬಾಗಿಲಲ್ಲಿ ನಿಂತು ಇಳಿಜಾರನ್ನೇ ನೋಡುತ್ತಿದ್ದರು.

"ನೀವು ಹೊರಗಡೆ ಹೋಗ್ಬೇಕಂದ್ರೆ ಹೇಗೆ ಹೋಗ್ತೀರಿ?"

"ಹೋಗಲ್ಲ ಮೇಡಂ."

"ಅಲ್ಲ, ಹೋಗ್ಲೇಬೇಕು ಅಂದ್ರೆ?"

"ಹೋಗ್ಲೇಬೇಕು ಅನ್ನೋದನ್ನೇ ಬಿಟ್ಬಿಟ್ಟಿದ್ದೀನಿ," ಅಂದ ಅವನು. ತಮಾಷೆಗೇ ಅಂದಿದ್ದು. ಮೇಡಂ ನಗಲಿಲ್ಲ.

ವಾರ ಕಳೆದು ಪ್ಯಾಂಟಿಗೆ ಬಂದಾಗ ವಿಷಯ ತೆಗೆದರು. ಊರಿಗೆಲ್ಲ ಹೊಸ ಬಸ್ ವ್ಯವಸ್ಥೆ ಬರುತ್ತಿದೆ. ಹೊಗೆ ಬಿಡದ, ಕರೆಂಟಿನಲ್ಲಿ ಓಡುವ, ನೆಲಕ್ಕೆ ತಗ್ಗಾಗಿರುವ ಬಸ್ಸುಗಳು. ಬಸ್ಸು ಎಲ್ಲಿದೆ, ಎಷ್ಟು ಹೊತ್ತಿಗೆ ಬರುತ್ತದೆ ಎಂದು ತೋರಿಸುವ ಫಲಕಗಳು. ದೊಡ್ಡ ರಸ್ತೆಯಲ್ಲಿ ದೊಡ್ಡ ಬಸ್ಸು, ಒಳರಸ್ತೆಗಳಿಂದ ಜನರನ್ನು ತಂದು ಅದಕ್ಕೆ ಸೇರಿಸಲು ಚಿಕ್ಕ ಬಸ್ಸು. ಇದಕ್ಕೆಲ್ಲ ಬಳಸುವ ಜನರ ಸಲಹಾ ಸಮಿತಿ ಮಾಡುತ್ತಿದ್ದಾರೆ. "ಅದರಲ್ಲಿ ನೀವಿರಬೇಕು," ಅಂದರು.

"ಬಸ್ಸನ್ನೇ ಬಳಸದವನು ಬಳಸೋ ಜನರ ಸಮಿತೀಲಿ ಏನ್ಮಾಡ್ಲಿ ಮೇಡಂ?"

"ಯಾಕೆ ಬಳಸ್ತಿಲ್ಲ ಅಂತ ಹೇಳಿ. ಅಷ್ಟು ಸಾಕು."

ಸಭೆಗೆ ಕರೆದೊಯ್ಯಲು ಕಚೇರಿಯಿಂದ ಕಾರು ಬಂತು. ಓಣಿಯೆಲ್ಲ ಬಾಗಿಲಿಗೆ ಬಂದು ನಿಂತಿತು. ಹೆಂಡತಿ ಅವನ ಅಂಗಿಯ ಕಾಲರು ಸರಿಮಾಡುತ್ತಾ, "ಬಸ್ಸಿನ ಮೀಟಿಂಗಿಗೆ ಕಾರಲ್ಲಿ ಹೋಗ್ತಾರಂತೆ ನಮ್ಮ ಸಾಹೇಬ್ರು" ಅಂದಳು. ಅವತ್ತೇ ಎದುರುಮನೆಯ ಹಾಲಿನವಳು ಅವನಿಗೆ ಮೆಂಬರ್ರು ಅಂತ ಹೆಸರಿಟ್ಟದ್ದು. ಮೊದಲು ಗೇಲಿಗೆ, ಆಮೇಲೆ ರೂಢಿಗೆ, ಕೊನೆಕೊನೆಗೆ ನಿಜವಾದ ಗೌರವಕ್ಕೆ ಆ ಹೆಸರು ನಿಂತಿತು.

ಸಭೆಯ ಕೋಣೆ ಮೇಲಿನ ಮಹಡಿಯಲ್ಲಿತ್ತು. ಲಿಫ್ಟು ಕೆಟ್ಟಿದ್ದ ದಿನ ನಾಲ್ಕು ಜನ ಜವಾನರು ಕುರ್ಚಿ ಸಮೇತ ಹೊತ್ತರು. ಗೋಡೆಯ ತುಂಬ ಊರಿನ ನಕ್ಷೆ, ಬಣ್ಣಬಣ್ಣದ ಗೆರೆಗಳು. ಅವನು ಮೊದಲು ಹುಡುಕಿದ್ದು ಅಕ್ಕನ ಬಡಾವಣೆಯನ್ನು. ಓಣಿಯ ತಲೆಯಿಂದ ಹೊರಟ ಹಸಿರು ಗೆರೆ ದೊಡ್ಡ ರಸ್ತೆಯ ಕೆಂಪು ಗೆರೆಯನ್ನು ಸೇರಿ, ಅದು ನೇರ ಅಲ್ಲಿಗೇ ಹೋಗುತ್ತಿತ್ತು. ಒಂದೇ ಕಡೆ ಬದಲಾಯಿಸಿದರೆ ಆಯಿತು.

ಅವನು ಅಲ್ಲಿ ಹೆಚ್ಚೇನೂ ಮಾತಾಡಲಿಲ್ಲ. ಬಸ್ಸು ಓಣಿಯೊಳಗೇ ಬರಬೇಕು ಅಂತ ಒಂದು ಸಲ ಅಂದ. ಅಧ್ಯಕ್ಷರು ಮೆಲ್ಲಗೆ ನಕ್ಕು, ಬಂದರೆ ತಿರುಗಿಸುವುದಕ್ಕೆ ಜಾಗವೆಲ್ಲಿ ಅಂದರು. ಅದೂ ಸರಿಯೇ ಅಂತ ಅವನಿಗೂ ಅನ್ನಿಸಿತು. ಇನ್ನೊಂದು ಸಲ, ಬಾಗಿಲಿನಿಂದ ಹಲಗೆಯೊಂದು ಹೊರಗೆ ಚಾಚಿಕೊಂಡರೆ ತನ್ನಂಥವರು ತಾವೇ ಹತ್ತಬಹುದು, ಒಳಗೆ ಒಂದು ಕುರ್ಚಿ ನಿಲ್ಲುವಷ್ಟು ಜಾಗ ಬಿಟ್ಟರೆ ಸಾಕು ಅಂದ. ಅದು ಮೊದಲೇ ಯೋಜನೆಯಲ್ಲಿತ್ತು. ಆದರೂ ಅಧ್ಯಕ್ಷರು, "ಒಳ್ಳೆ ಸಲಹೆ, ಒಳ್ಳೆ ಸಲಹೆ" ಅಂದರು. ಅವನು ಮನೆಗೆ ಬಂದು, ಹಲಗೆ ತಾನೇ ಹಾಕಿಸಿದ್ದು ಅಂತ ಹೆಂಡತಿಗೆ ಹೇಳಿದ. ಹೇಳುತ್ತಾ ಹೇಳುತ್ತಾ ಅವನೇ ನಂಬಿದ.

ಓಣಿಯವರು ಅಹವಾಲು ತರತೊಡಗಿದರು. ಮೆಂಬರ್ರೇ, ನಮ್ಮ ರಸ್ತೆಗೆ ದಿನಕ್ಕೆ ಎಷ್ಟು ಬಸ್ಸು? ಮೆಂಬರ್ರೇ, ಬೆಳಗ್ಗೆ ಬೇಗ ಇರ್ತದಾ? ಅವನು ಬಟ್ಟೆ ಹೊಲಿಯುತ್ತಲೇ, "ಇರ್ತದೆ, ಇರ್ತದೆ, ಸ್ವಲ್ಪ ತಾಳ್ಮೆ ಬೇಕು" ಅನ್ನುತ್ತಿದ್ದ. ಹಾಲಿನವಳು, "ಕೂತ ಕಡೆ ಊರು ಓಡಿಸ್ತಾರೆ ನೋಡ್ರೀ" ಅಂದರೆ ಅವನ ಮುಖ ಅರಳುತ್ತಿತ್ತು. ಅಕ್ಕನಿಗೆ ಫೋನು ಮಾಡಿ ಹೇಳಿದ: "ರೆಕ್ಕೆ ಬೇಡ ಅಕ್ಕಾ. ಬಸ್ಸೇ ಬರ್ತಿದೆ. ನಾನೊಬ್ನೇ ಬರ್ತೀನಿ, ಯಾರೂ ಕರ್ಕೊಂಡು ಬರೋದು ಬೇಡ."

ಆ ಕಡೆಯಿಂದ ಅಕ್ಕ ಮೂಗೊರೆಸಿಕೊಂಡ ಸದ್ದು ಕೇಳಿಸಿತು.

ಪರೀಕ್ಷೆಗೆಂದು ಮೊದಲ ಬಸ್ಸು ಡಿಪೋದ ಮೈದಾನಕ್ಕೆ ಬಂದ ದಿನ ಅವನಿಗೆ ಕರೆ ಬಂತು. ಹೆಂಡತಿ ರಜೆ ಹಾಕಿ ಜೊತೆಗೆ ಹೋದಳು. ಬಿಳಿ ಬಣ್ಣದ, ಕನ್ನಡಿಯಂತೆ ಹೊಳೆಯುವ ಬಸ್ಸು. ಬಾಗಿಲ ಬುಡದಲ್ಲಿದ್ದ ಹಲಗೆಯನ್ನು ಡ್ರೈವರು ಎಳೆದು ನೆಲಕ್ಕೆ ಹಾಸಿದ. ದರ್ಜಿ ಎರಡೂ ಗಾಲಿಗಳನ್ನು ತನ್ನ ಕೈಯಿಂದಲೇ ತಳ್ಳಿಕೊಂಡು ಹತ್ತಿದ. ಬಿದ್ದು ಎಷ್ಟೋ ವರ್ಷವಾದ ಮೇಲೆ, ಯಾರ ಕೈಯೂ ಮೈಗೆ ತಾಗದೆ ಅವನು ನೆಲದಿಂದ ಮೇಲಕ್ಕೆ ಹೋದದ್ದು ಅದೇ ಮೊದಲು. ಫೋಟೋದವರು, "ಸಾರ್, ಇನ್ನೊಂದ್ಸಲ ಹತ್ತಿ, ಈ ಕಡೆ ನೋಡಿ, ಸ್ವಲ್ಪ ನಗಿ" ಅಂದರು. ನಗು ಅಂತ ಯಾರೂ ಹೇಳಬೇಕಾಗಿರಲಿಲ್ಲ. ಬಸ್ಸು ಮೈದಾನವನ್ನೇ ಸುತ್ತು ಹಾಕಿ ಹೊರಟಲ್ಲಿಗೇ ಬಂದು ನಿಂತಿತು. ಅವನಿಗೆ ಇಳಿಯಲು ಮನಸ್ಸಿರಲಿಲ್ಲ.

ಆ ಫೋಟೋ ದೊಡ್ಡದಾಗಿ ಅಚ್ಚಾಗಿ ಊರಿನ ನಿಲ್ದಾಣಗಳಲ್ಲೆಲ್ಲ ಬಂತು. ಬಸ್ಸುಗಳ ಬೆನ್ನಿಗೂ ಅಂಟಿಸಿದರು. 'ಎಲ್ಲರಿಗೂ ಸೇರಿದ ಊರು' ಅಂತ ಕೆಳಗೆ ದಪ್ಪ ಅಕ್ಷರ. ಹೆಂಡತಿ ಕೆಲಸಕ್ಕೆ ಹೋಗಿ ಬರುವ ದಾರಿಯುದ್ದಕ್ಕೂ ಗಂಡನ ಮುಖ ನೋಡುತ್ತಿದ್ದಳು. "ಇವತ್ತು ನಿಮ್ಮನ್ನ ಮಾರ್ಕೆಟ್ ಹತ್ರ ನೋಡ್ದೆ, ಹಲ್ಲು ಬಿಡ್ತಾ ಇದ್ರಿ," ಅನ್ನುತ್ತಿದ್ದಳು. ಊರೆಲ್ಲ ಸುತ್ತಿದ ಆ ಮುಖವನ್ನು ಅವನು ಮಾತ್ರ ಸರಿಯಾಗಿ ನೋಡಲಿಲ್ಲ.

ಹೊಸ ವ್ಯವಸ್ಥೆ ಶುರುವಾದ ದಿನವೇ ಹಳೆಯ ನೇರ ಬಸ್ಸು ನಿಂತಿತು. ಓಣಿಯ ತಲೆಯಿಂದ ಆಸ್ಪತ್ರೆಯ ಗೇಟಿನವರೆಗೂ ಹೋಗುತ್ತಿದ್ದ ಆ ಬಸ್ಸಿನಲ್ಲಿ ಹೆಂಡತಿ ನಿದ್ದೆ ಮಾಡಿಕೊಂಡು ಹೋಗುತ್ತಿದ್ದಳು. ಇನ್ನು ಮೇಲೆ ಚಿಕ್ಕ ಬಸ್ಸು ಹಿಡಿದು ದೊಡ್ಡ ರಸ್ತೆಗೆ ಹೋಗಿ ಅಲ್ಲಿಂದ ದೊಡ್ಡ ಬಸ್ಸು. ಆದರೆ ಚಿಕ್ಕ ಬಸ್ಸುಗಳ ಟೆಂಡರು ಆಗಿರಲಿಲ್ಲ. ಇದ್ದದ್ದನ್ನು ತೆಗೆಯುವುದಕ್ಕೆ ಒಂದು ಆದೇಶ ಸಾಕಾಗಿತ್ತು. ಇಲ್ಲದ್ದನ್ನು ತರುವುದಕ್ಕೆ ಆಗಲಿಲ್ಲ. ಹೆಂಡತಿ ದೊಡ್ಡ ರಸ್ತೆಯವರೆಗೆ ನಡೆಯತೊಡಗಿದಳು. ಸಂಜೆ ಬಂದು ಮಂಡಿಗೆ ಬಿಸಿನೀರಿನ ಬಟ್ಟೆ ಒತ್ತಿಕೊಳ್ಳುತ್ತಾ ಕೂರುತ್ತಿದ್ದಳು.

"ಸ್ವಲ್ಪ ದಿನ ಕಣೇ. ಮೇಡಂ ಹೇಳಿದಾರೆ, ಬರ್ತವೆ," ಅಂದ ಅವನು.

"ಮೇಡಂಗೆ ನನ್ನ ಮಂಡಿ ಒಂದಿನ ಹಾಕ್ಕೊಂಡು ಓಡಾಡೋಕೆ ಹೇಳಿ."

"ಎಲ್ಲದಕ್ಕೂ ಹಂಗೇ ಅಂದ್ರೆ ಊರು ಮುಂದೆ ಹೋಗೋದು ಹೇಗೆ?"

ಅವಳು ಬಟ್ಟೆ ಹಿಂಡುವುದನ್ನು ನಿಲ್ಲಿಸಿ ಅವನನ್ನು ಒಂದು ಸಲ ನೋಡಿದಳು. ಅವನು ಯಂತ್ರದ ಕಡೆ ತಿರುಗಿದ. ಓಣಿಯವರು ಬಸ್ಸಿನ ಬಗ್ಗೆ ಅವನನ್ನು ಕೇಳುವುದನ್ನು ನಿಲ್ಲಿಸಿದರು. ಕೆಲವರು ಬಟ್ಟೆಯನ್ನೂ ಬೇರೆ ಕಡೆ ಕೊಡತೊಡಗಿದರು.

ಅಕ್ಕನಿಗೆ ಪಾರ್ಶ್ವವಾಯು ಹೊಡೆದ ಸುದ್ದಿ ಬಂದದ್ದು ಆಗಲೇ. ಮಗಳು ಫೋನಿನಲ್ಲಿ, "ಮಾಮ, ಮಾತು ತೊದಲ್ತಿದೆ, ನಿನ್ನ ಹೆಸರು ಮಾತ್ರ ಗೊತ್ತಾಗ್ತದೆ" ಅಂದಳು. ಅವನು ಆ ಕ್ಷಣವೇ ಯಂತ್ರದ ಮೇಲಿದ್ದ ಬಟ್ಟೆ ತೆಗೆದಿಟ್ಟು, "ಹೊರಡು, ಹೋಗೋಣ" ಅಂದ.

"ಹೇಗ್ರೀ?"

"ಬಸ್ಸಲ್ಲಿ. ಇನ್ನು ಹೇಗೆ?"

ಅವಳು ಕುರ್ಚಿ ತಳ್ಳಿಕೊಂಡು ಏರುದಾರಿಯಲ್ಲಿ ದೊಡ್ಡ ರಸ್ತೆಯವರೆಗೂ ಬಂದಳು. ಅಲ್ಲಿ ಹೊಸ ನಿಲ್ದಾಣ, ಗಾಜಿನ ಗೋಡೆ, ಮೇಲೆ ಹೊಳೆಯುವ ಫಲಕ. ಕಟ್ಟಿದವರು ಅದನ್ನು ಎತ್ತರದ ಕಟ್ಟೆಯ ಮೇಲೆ ಕಟ್ಟಿ ಹತ್ತಲು ಮೆಟ್ಟಿಲು ಇಟ್ಟಿದ್ದರು. ಒಂದು ಪಕ್ಕಕ್ಕೆ ಇಳಿಜಾರೂ ಇತ್ತು. ಬೈಕುಗಳು ನುಗ್ಗದಿರಲೆಂದು ಅದರ ಬಾಯಿಗೆ ಕಬ್ಬಿಣದ ಕಂಬ ನೆಟ್ಟಿದ್ದರು. ಕಂಬಗಳ ನಡುವೆ ಕುರ್ಚಿ ತೂರಲಿಲ್ಲ. ಇಬ್ಬರೂ ಕೆಳಗೆ ರಸ್ತೆಯ ಅಂಚಿನಲ್ಲಿ, ಚರಂಡಿಯ ಕಲ್ಲಿನ ಪಕ್ಕ ನಿಂತರು. ಗಾಜಿನ ಒಳಗಡೆ ಅವನದೇ ದೊಡ್ಡ ಮುಖ ನಗುತ್ತಿತ್ತು.

ಮೊದಲು ಬಂದ ಬಸ್ಸು ನಿಧಾನ ಮಾಡಿದಂತೆ ಮಾಡಿ, ಕುರ್ಚಿ ಕಂಡು ವೇಗ ಹೆಚ್ಚಿಸಿಕೊಂಡು ಹೋಯಿತು. ಮುಂದಿನದು ತುಂಬಿತ್ತು. ಅದರ ಮುಂದಿನದು ಹಳೆಯ ಮೆಟ್ಟಿಲಿನ ಬಸ್ಸು. ಹೊಸವು ಸಾಕಾಗದೆ ಹಳೆಯವಕ್ಕೇ ಬಣ್ಣ ಬಳಿದು ಬಿಟ್ಟಿದ್ದರು. ಬಿಸಿಲು ಏರಿತು. ಕೊನೆಗೆ ಒಂದು ತಗ್ಗಿನ ಬಸ್ಸು ನಿಂತಿತು. ಡ್ರೈವರು ಒಳ್ಳೆಯವನು, ಕೆಳಗಿಳಿದು ಬಂದ.

"ಅರೆ! ನೀವು ಫೋಟೋದವರಲ್ವಾ?"

"ಹೌದಪ್ಪ. ಆ ಹಲಗೆ ಸ್ವಲ್ಪ ಎಳೀತೀಯಾ?"

ಡ್ರೈವರು ತಲೆ ಕೆರೆದುಕೊಂಡ. ಬಗ್ಗಿ ಬಾಗಿಲ ಬುಡ ತೋರಿಸಿದ. ಹಲಗೆಯ ಅಂಚಿಗೆ ಎರಡು ಕಡೆ ವೆಲ್ಡಿಂಗಿನ ಗಂಟು ಇತ್ತು. "ಓಡೋವಾಗ ಗಡಗಡ ಅಂತಿತ್ತು ಸಾರ್. ಪ್ಯಾಸೆಂಜರ್ಸ್ ಕಂಪ್ಲೇಂಟ್ ಮಾಡಿದ್ರು. ಯಾರೂ ಬಳಸ್ತಾ ಇರ್ಲಿಲ್ಲ ನೋಡಿ, ಡಿಪೋದಲ್ಲಿ ಎಲ್ಲದಕ್ಕೂ ಬೆಸುಗೆ ಹಾಕ್ಸಿಬಿಟ್ರು."

ಒಳಗಿನಿಂದ ಯಾರೋ ಕೂಗಿದರು: "ರೀ, ಎತ್ತಿ ಹಾಕ್ಕೊಳ್ರೀ, ಆಫೀಸಿಗೆ ಹೊತ್ತಾಯ್ತು!" ಇಬ್ಬರು ಹುಡುಗರು ಇಳಿದೂ ಬಂದರು. ಅವರ ಕೈಗಳು ತನ್ನ ಕಂಕುಳಿನತ್ತ ಬಂದದ್ದು ಕಂಡು ದರ್ಜಿ ಕುರ್ಚಿಯ ಹಿಡಿಗಳನ್ನು ಬಿಗಿಯಾಗಿ ಹಿಡಿದುಕೊಂಡ. ಬೇಡ, ಬೇಡ, ಮುಟ್ಬೇಡಿ ಅಂತ ಜೋರಾಗಿ ಕಿರುಚಿದ ಅಂತ ಹೆಂಡತಿ ಆಮೇಲೆ ಹೇಳಿದಳು, ಅವನಿಗೆ ನೆನಪಿಲ್ಲ. ಬಸ್ಸು ಹೋಯಿತು. ಬರುವಾಗ ಇಳಿದಾರಿಯಾದ್ದರಿಂದ ಕುರ್ಚಿ ತಾನೇ ಓಡುತ್ತಿತ್ತು, ಹೆಂಡತಿ ಹಿಂದಕ್ಕೆ ಜಗ್ಗಿ ಹಿಡಿದುಕೊಂಡು ಬಂದಳು.

ಅವನು ಫೋನು ಮಾಡಿದ ಮರುದಿನವೇ ಮೇಡಂ ಬಂದರು. ಹೊಲಿಗೆಯ ಸ್ಟೂಲಿನ ಮೇಲೆ ಕೂತು ಎಲ್ಲ ಕೇಳಿಸಿಕೊಂಡರು. ನಿಲ್ದಾಣ ಕಟ್ಟಿದ್ದು ರಸ್ತೆ ಇಲಾಖೆ, ಬಸ್ಸು ಓಡಿಸುವುದು ಗುತ್ತಿಗೆದಾರರು, ನಿಂತಷ್ಟು ಹೊತ್ತು ಅವರಿಗೆ ನಷ್ಟ ಅಂತ ಮೆಲ್ಲಗೆ ಹೇಳಿದರು. ಆಮೇಲೆ, "ಇನ್ನೊಂದು ವಿಷಯ ಇದೆ. ನಾನೇ ಹೇಳೋದು ಸರಿ," ಅಂದರು. ಹಲಗೆ ಎಷ್ಟು ಸಲ ತೆರೆಯಿತು ಅಂತ ಪ್ರತಿ ಬಸ್ಸಿನಲ್ಲೂ ಯಂತ್ರ ಲೆಕ್ಕ ಇಡುತ್ತದೆ. ಶುರುವಾದ ದಿನದಿಂದ ಎಲ್ಲ ಬಸ್ಸುಗಳಲ್ಲೂ ಸೊನ್ನೆ. ಹಾಗಾಗಿ ಬೇಡಿಕೆ ಇಲ್ಲ ಅಂತ ತೀರ್ಮಾನಿಸಿ, ಮುಂದೆ ಕೊಳ್ಳುವ ಬಸ್ಸುಗಳಲ್ಲಿ ಹಲಗೆ ತೆಗೆದು, ಕುರ್ಚಿಯ ಜಾಗಕ್ಕೆ ಸೀಟು ಹಾಕುತ್ತಾರೆ.

"ಬೆಸುಗೆ ಹಾಕಿದ್ರೆ ಹೇಗೆ ತೆರೀತದೆ ಮೇಡಂ?"

"ಬರೆದಿದ್ದೀನಿ. ಎರಡು ಸಲ ಬರೆದೆ." ಅವರು ಸ್ಟೂಲಿನಿಂದ ಎದ್ದರು. "ನನ್ನನ್ನ ನೀರು ಸರಬರಾಜಿಗೆ ಹಾಕಿದಾರೆ. ಮುಂದಿನ ವಾರದಿಂದ ಅಲ್ಲಿಗೆ ಹೋಗ್ಬೇಕು."

ಅವನು ಅವರನ್ನು ಬೈಯಬೇಕು ಅಂದುಕೊಂಡಿದ್ದ. ಬಾಯಿಗೆ ಬಂದದ್ದು, "ಚಹಾ ಕುಡ್ಕೊಂಡು ಹೋಗಿ ಮೇಡಂ" ಅಂತ. ಅವರು ಕುಡಿಯಲಿಲ್ಲ. ಕಣ್ಣು ಕೆಂಪಾಗಿತ್ತು.

ಸಮಿತಿಯ ಕೊನೆಯ ಸಭೆಗೆ ಕಾರು ಮತ್ತೊಮ್ಮೆ ಬಂತು. ಹೆಂಡತಿ, "ಹೋಗ್ಬೇಡಿ" ಅಂದಳು. ಅವನು ಹೋದ. ಈ ಸಲ ಮುಖ ನೋಡದೆ ಕೇಳಬೇಕು, ಆಗಿದ್ದೆಲ್ಲ ಹೇಳಿಬಿಡಬೇಕು ಅಂತ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡ. ಹೇಳಿದ ಕೂಡ. ಚರಂಡಿಯ ಪಕ್ಕ ನಿಂತಿದ್ದು, ಕಂಬ, ಬೆಸುಗೆ, ಎಲ್ಲ. ಯಾರೂ ಅವನನ್ನು ತಡೆಯಲಿಲ್ಲ. ಅಧ್ಯಕ್ಷರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, "ನೀವು ಹೇಳೋದು ನೂರಕ್ಕೆ ನೂರು ಸರಿ. ನಮ್ಮ ಕಣ್ಣು ತೆರೆಸಿದ್ರಿ" ಅಂದರು. ಅಲ್ಲಿದ್ದವರು ತಲೆದೂಗಿದರು. ಬಿಸ್ಕತ್ತಿನ ತಟ್ಟೆ ಅವನ ಮುಂದೆ ಸರಿದು ಬಂತು. ಆಮೇಲೆ ಹಲಗೆಯಿಲ್ಲದ ಹೊಸ ಬಸ್ಸುಗಳನ್ನು ಕೊಳ್ಳುವ ವಿಷಯ ಬಂತು. ಎಲ್ಲ ಸದಸ್ಯರ ಸಮ್ಮುಖದಲ್ಲಿ ಒಪ್ಪಿಗೆಯಾಯಿತು ಅಂತ ಗುಮಾಸ್ತ ಓದಿದ. ಆ ಎಲ್ಲರಲ್ಲಿ ತಾನೂ ಒಬ್ಬ ಅನ್ನುವುದು ದರ್ಜಿಗೆ ಹೊಳೆಯುವಷ್ಟರಲ್ಲಿ ಜನ ಎದ್ದು ಹೊರಟಿದ್ದರು.

ಮರಳುವಾಗ ಅವನು ಕಾರಿನ ಚಾಲಕನನ್ನು ಕೇಳಿದ: "ಅಣ್ಣಾ, ಅಕ್ಕನ ಮನೆ ಇಲ್ಲೇ ಆ ಸೇತುವೆ ದಾಟಿದ್ರೆ. ಒಂದು ಗಳಿಗೆ ನಿಲ್ಲಿಸ್ತೀಯಾ? ಬಾಗಿಲಲ್ಲೇ ನೋಡಿ ಬರ್ತೀನಿ."

"ಗಾಡಿ ಎಲ್ಲಿ ತಿರುಗಿದ್ರೂ ಆಫೀಸಲ್ಲಿ ಕಾಣ್ತದೆ ಸಾರ್. ನನ್ನ ಕೆಲಸ ಹೋಗ್ತದೆ."

ಸೇತುವೆ ಎಡಕ್ಕೆ ಬಂತು, ಹಿಂದೆ ಸರಿಯಿತು. ದರ್ಜಿ ಕತ್ತು ತಿರುಗಿಸಿ ನೋಡಿದ. ಬಟ್ಟೆ ಒಣಹಾಕಿದ ಮಹಡಿಗಳು ಕಂಡವು. ಅದರಲ್ಲಿ ಅಕ್ಕನ ಮನೆ ಯಾವುದು ಅಂತ ಗೊತ್ತಾಗಲಿಲ್ಲ.

ಕೊನೆಗೆ ಹೆಂಡತಿಯ ಅಣ್ಣ ಒಂದು ಸಾಮಾನು ಸಾಗಿಸುವ ಟೆಂಪೋ ಗೊತ್ತುಮಾಡಿದ. ಹಿಂದಿನ ತೆರೆದ ಜಾಗದಲ್ಲಿ ಕುರ್ಚಿಯನ್ನು ಹಗ್ಗದಿಂದ ಎರಡು ಕಡೆ ಬಿಗಿದರು. ಪಕ್ಕದಲ್ಲಿ ಹೆಂಡತಿ ಮಂಡಿ ಮಡಚಲಾಗದೆ ಕಾಲು ಚಾಚಿ ಕೂತಳು. ಊರಿನ ನಡುವೆ ಹಾಗೆ ಹೋದರು. ಬಸ್ಸಿಗೆಂದೇ ಗೆರೆ ಎಳೆದು ಬಿಟ್ಟಿದ್ದ ಪಥದಲ್ಲಿ ಕಾರುಗಳು ಸಾಲಾಗಿ ನಿಂತಿದ್ದವು. ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದು ನಿಂತ ಬಸ್ಸಿನ ಕಿಟಕಿಗಳಿಂದ ಜನ ಅವನನ್ನು ನೋಡಿದರು. ಅವನು ತಲೆ ತಗ್ಗಿಸಿದ.

ಅಕ್ಕ ಕಿಟಕಿಯ ಕೆಳಗಿನ ಮಂಚದಲ್ಲಿದ್ದಳು. ಮುಖದ ಒಂದು ಪಕ್ಕ ಇಳಿದಿತ್ತು. ಮಗಳು ಅವಳ ಕಿವಿಯ ಹತ್ತಿರ, "ಅಮ್ಮಾ, ಮಾಮ ಬಂದಿದಾರೆ ನೋಡು" ಅಂತ ಕೂಗಿದಳು. ಅಕ್ಕ ಕಣ್ಣು ಅವನ ಕಡೆ ಹೊರಳಿಸಿದಳು. ಗುರುತು ಸಿಕ್ಕಿತೋ ಇಲ್ಲವೋ. ಅವಳ ಬಲಗೈ ಹೊದಿಕೆಯ ಅಂಚನ್ನು ಹಿಡಿದು, ಹೊಲಿಗೆಯ ಮಡಿಕೆ ಹಾಕುವ ಹಾಗೆ, ಬೆರಳಿನಿಂದ ಬೆರಳಿಗೆ ಸರಿಸುತ್ತಿತ್ತು.

"ಬಸ್ಸಲ್ಲೇ ಬಂದೆ ಅಕ್ಕಾ," ಅಂದ ಅವನು. "ನಾನೊಬ್ನೇ ಹತ್ತಿದೆ."

ಹೆಂಡತಿ ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋದಳು.

ಅಕ್ಕ ಆ ಮೇಲೆ ಹೆಚ್ಚು ದಿನ ಇರಲಿಲ್ಲ. ಹೋದಳು ಅಂತ ಸುದ್ದಿ ಬಂದ ಬೆಳಿಗ್ಗೆ ಟೆಂಪೋದವನು ಬೇರೆ ಊರಿಗೆ ಬಾಡಿಗೆ ಹೋಗಿದ್ದ. ಇನ್ನೊಂದು ಗಾಡಿ ಹುಡುಕುವಷ್ಟರಲ್ಲಿ ಮಗಳು ಫೋನು ಮಾಡಿ, "ಮಾಮ, ಇನ್ನು ಇಟ್ಕೊಳ್ಳೋಕಾಗಲ್ಲ ಅಂತಾರೆ, ತಗೊಂಡು ಹೊರಟ್ರು" ಅಂದಳು. ಅವನು "ಆಯ್ತಮ್ಮ" ಅಂದ. ಯಂತ್ರದ ಮುಂದೆ ಕೂತು, ಯಾರದೋ ಅಂಗಿಗೆ ಹಾಕುತ್ತಿದ್ದ ಕಾಲರನ್ನು ಹೊಲಿದು ಮುಗಿಸಿದ. ಮುಗಿಸಿದ ಮೇಲೆ ಅದು ತಿರುವುಮುರುವಾಗಿತ್ತು. ಬಿಚ್ಚಿ ಮತ್ತೆ ಹೊಲಿದ.

ಚಿಕ್ಕ ಬಸ್ಸುಗಳು ಬರಲಿಲ್ಲ. ಮಂಡಿ ಪೂರ್ತಿ ಕೈಕೊಟ್ಟಾಗ ಹೆಂಡತಿ ಆಸ್ಪತ್ರೆಯ ಕೆಲಸ ಬಿಟ್ಟು ಓಣಿಯಲ್ಲೇ ಎರಡು ಮನೆಗಳ ಪಾತ್ರೆ ಬಟ್ಟೆ ಹಿಡಿದಳು. ಆಸ್ಪತ್ರೆಯಲ್ಲಿ ಅವಳಿಗೆ ಜೊತೆಗಾತಿಯರಿದ್ದರು, ಮಧ್ಯಾಹ್ನ ಒಟ್ಟಿಗೆ ಊಟಕ್ಕೆ ಕೂತು ನಗುತ್ತಿದ್ದರು. ಅವರಲ್ಲಿ ಒಬ್ಬಳು ಶುರುವಿನಲ್ಲಿ ಆಗಾಗ ಫೋನು ಮಾಡುತ್ತಿದ್ದಳು. ಈಗ ಗಂಡ ಹೆಂಡತಿ ಇಬ್ಬರೂ ಓಣಿಯೊಳಗೇ ಇರುತ್ತಾರೆ. ನಿಲ್ದಾಣದಲ್ಲಿ ಅವನ ಮುಖದ ಮೇಲೆ ಯಾವುದೋ ಪೇಯದ ಜಾಹೀರಾತು ಅಂಟಿಸಿದ್ದಾರೆ ಅಂತ ಹಾಲಿನವಳು ಹೇಳಿದಳು. ಅವಳು ಅವನನ್ನು ಇನ್ನೂ ಮೆಂಬರ್ರೇ ಅಂತಲೇ ಕರೆಯುತ್ತಾಳೆ, ಅವನು ಓಗೊಡುತ್ತಾನೆ.

ಸಂಜೆ ಕೆಲಸ ಮುಗಿಸಿ ಇಬ್ಬರೂ ಬಾಗಿಲ ಇಳಿಜಾರಿನ ಹತ್ತಿರ ಕೂರುತ್ತಾರೆ. ಅವಳು ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾಳೆ. ಹಳೆಯ ಬಸ್ಸು ಇದ್ದಾಗ ಓಣಿಯ ತಲೆಯಲ್ಲಿ ಅದು ಗೇರು ಬದಲಿಸುವ ನರಳಾಟ ಇಲ್ಲಿಗೆ ಕೇಳಿಸುತ್ತಿತ್ತು. ಇಂಥ ಹೊತ್ತಾಯಿತು ಅಂತ ತಿಳಿಯುತ್ತಿತ್ತು. ಹೊಸ ಬಸ್ಸಿಗೆ ಸದ್ದೇ ಇಲ್ಲ. ದೊಡ್ಡ ರಸ್ತೆಯಲ್ಲಿ ಅದು ಬಂದದ್ದೂ ಹೋದದ್ದೂ ಇಲ್ಲಿ ಕೂತವರಿಗೆ ಗೊತ್ತಾಗುವುದಿಲ್ಲ.